ಹಾಸನ–ಚಿಕ್ಕಮಗಳೂರು ಓಡಾಟಕ್ಕೆ ಕ್ಯಾಮೆರಾ ಬ್ಯಾಗ್: ಎಷ್ಟು ದೊಡ್ಡದು, ಎಂಥದ್ದು, ಮಳೆಗೆ ಏನು ಮಾಡೋದು?

ಹೇಮಾವತಿ_ದಂಡೆ, ಹಾಸನ

ನಿಕಾನ್ ಡಿ500 ಕ್ಯಾಮೆರಾ, 200-500 ಎಫ್ 5.6, 16-80, ಎಎಫ್-ಪಿ 10-20 ಲೆನ್ಸುಗಳು, ಒಂದು ಫ್ಲ್ಯಾಶ್, ಸಣ್ಣ ಟ್ರೈಪಾಡ್. ಇಷ್ಟಕ್ಕೆ ಬ್ಯಾಗ್ ಬೇಕು. ಓಡಾಟ ಹೆಚ್ಚಾಗಿ ಬೈಕಲ್ಲಿ. ಬೇಲೂರು-ಹಳೇಬೀಡು, ಶ್ರವಣಬೆಳಗೊಳ, ಮುತ್ತೋಡಿ ಸಫಾರಿ, ಮಳೆಗಾಲದಲ್ಲಿ ಚಾರ್ಮಾಡಿ ಕಡೆ. ಬಜೆಟ್ ಎಂಟರಿಂದ ಹತ್ತು ಸಾವಿರ. ಆನ್‌ಲೈನಲ್ಲಿ ನೋಡಿದ್ರೆ ಎಲ್ಲಾ ಬ್ಯಾಗೂ ವಾಟರ್‌ಪ್ರೂಫ್, ಎಲ್ಲದರಲ್ಲೂ ಟೆಲಿ ಲೆನ್ಸ್ ಹಿಡಿಯುತ್ತೆ ಅಂತಾರೆ. ಒಂದೇ ಬ್ಯಾಗಲ್ಲಿ ಎಲ್ಲ ಮುಗಿಯುತ್ತಾ?

ಗಿರಿಶ್ರೇಣಿ, ಚಿಕ್ಕಮಗಳೂರು

ಒಂದರಲ್ಲಿ ಮುಗಿಯಲ್ಲ. ಹಾಗಂತ ಎರಡು ದುಬಾರಿ ಕ್ಯಾಮೆರಾ ಬ್ಯಾಗೂ ಬೇಕಾಗಿಲ್ಲ. ಬ್ರ್ಯಾಂಡ್ ನೋಡೋ ಮೊದಲು ತಕ್ಕಡಿ, ಟೇಪು ತಗೊಳ್ಳಿ.

ತೂಕ ನೋಡಿ: ಬ್ಯಾಟರಿ ಸಮೇತ ಡಿ500 ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) 860 ಗ್ರಾಂ, ಕಾಲರ್ (ಟ್ರೈಪಾಡಿಗೆ ಸಿಕ್ಕಿಸೋ ಕಾಲಿರೋ ಬಳೆ) ಸಮೇತ 200-500 ಲೆನ್ಸು 2300, 16-80 ಲೆನ್ಸು 480, 10-20 ಲೆನ್ಸು 230. ಅಲ್ಲಿಗೇ 3870 ಗ್ರಾಂ. ಫ್ಲ್ಯಾಶ್, ಚಾರ್ಜರ್, ಹೆಚ್ಚುವರಿ ಬ್ಯಾಟರಿ, ಒರೆಸೋ ಬಟ್ಟೆ ಸೇರಿ ಮುಕ್ಕಾಲು ಕೆ.ಜಿ. ಮೇಲೆ ಇಡಿ. ಟ್ರೈಪಾಡ್ ಒಂದೂವರೆ, ನೀರು ಒಂದು ಲೀಟರ್. ಏಳು ಕೆ.ಜಿ. ದಾಟಿತು, ಇನ್ನೂ ಬ್ಯಾಗಿನದ್ದೇ ತೂಕ ಸೇರಿಲ್ಲ. ದಪ್ಪ ಪ್ಯಾಡಿಂಗ್ ಇರೋ ಕ್ಯಾಮೆರಾ ಬ್ಯಾಗ್ ಖಾಲಿಯಲ್ಲೇ ಎರಡರಿಂದ ಎರಡೂವರೆ ಕೆ.ಜಿ. ಬರುತ್ತೆ. ಒಟ್ಟು ಒಂಬತ್ತರ ಮೇಲೆ. ಇಷ್ಟು ತೂಕಕ್ಕೆ ಸೊಂಟದ ಪಟ್ಟಿ ಇಲ್ಲದ ಬ್ಯಾಗ್ ತಗೊಂಡ್ರೆ ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತೋಷ್ಟರಲ್ಲಿ ಕುತ್ತಿಗೆ ಹಿಡ್ಕೊಳ್ಳುತ್ತೆ. ಸೊಂಟದ ಪಟ್ಟಿ ಅಂದ್ರೆ ಬ್ಯಾಗ್ ಅಲುಗಾಡದಂತೆ ಕಟ್ಟೋಕೆ ಕೊಡ್ತಾರಲ್ಲ, ಆ ತೆಳ್ಳನೆ ದಾರದಂಥದ್ದಲ್ಲ. ಸೊಂಟದ ಮೂಳೆ ಮೇಲೆ ಕೂರೋ, ಪ್ಯಾಡಿಂಗ್ ಇರೋ ಅಗಲದ ಪಟ್ಟಿ. ಬಿಗಿದ ಮೇಲೆ ಹೆಗಲ ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ತೂರದಿದ್ರೆ ಭಾರ ಇನ್ನೂ ಹೆಗಲ ಮೇಲೇ ಇದೆ ಅಂತ.

ಈಗ ಅಳತೆ. 200-500 ಲೆನ್ಸ್ ಉದ್ದ 267.5 ಮಿ.ಮೀ., ಸುತ್ತಳತೆಯಲ್ಲ, ಅಡ್ಡಳತೆ 108. ಬಾಡಿ ಸಿಕ್ಕಿಸಿಯೇ ಇಡೋದಾದ್ರೆ ಸುಮಾರು 34 ಸೆಂ.ಮೀ. ಆಗುತ್ತೆ, ಹುಡ್ (ಲೆನ್ಸ್ ಮುಂದಿನ ಬಿಸಿಲು ಮರೆ) ತಿರುಗಿಸಿ ಹಾಕಿದ್ರೂ ಸಹ. ಆದ್ದರಿಂದ ಬ್ಯಾಗಿನ ಒಳ ಎತ್ತರ ಕನಿಷ್ಠ 36 ಬೇಕು. ಜಾಹೀರಾತಲ್ಲಿ ಕೊಡೋದು ಹೊರ ಅಳತೆ, ಅದನ್ನ ನಂಬಬೇಡಿ. ಲೀಟರ್ ಲೆಕ್ಕವೂ ಅಷ್ಟೇ, ಒಬ್ಬರು ಹೊರಗಿನ ಜೇಬೂ ಸೇರಿಸ್ತಾರೆ, ಇನ್ನೊಬ್ಬರು ಸೇರಿಸಲ್ಲ.

ಎಲ್ಲರೂ ಮರೆಯೋದು ಆಳ. ಕಾಲರ್ ಕಾಲು ಹೊರಗೆ ಚಾಚಿಕೊಂಡಿರುತ್ತೆ. ಅದು ನೇರ ಮೇಲಕ್ಕೆ ಇದ್ರೆ ಒಳ ಆಳ 15 ಸೆಂ.ಮೀ. ಬೇಕಾಗುತ್ತೆ. ಕಾಲರ್ ಸಡಿಲಿಸಿ ಕಾಲನ್ನ ಪಕ್ಕಕ್ಕೆ ತಿರುಗಿಸಿದ್ರೆ 12ರಲ್ಲೂ ಕೂರುತ್ತೆ, ಆದ್ರೆ ಪಕ್ಕದ ಖಾನೆ ಕಿರಿದಾಗುತ್ತೆ. ಜಿಪ್ಪು ಒತ್ತಿ ಹಾಕಬೇಕಾದ ಬ್ಯಾಗಿನಲ್ಲಿ ಮೊದಲು ಹೋಗೋದು ಜಿಪ್ಪೇ.

ದ್ವಾರಸಮುದ್ರ, ಹಳೇಬೀಡು

ದೇವಸ್ಥಾನಕ್ಕೆ ಬೆನ್ನಿನ ಬ್ಯಾಗ್ ಬೇಡ ಸಾರ್. ಜಗತಿ (ಗುಡಿ ಸುತ್ತಲಿನ ಕಟ್ಟೆ) ಮೇಲೆ ಗೋಡೆ ಪಕ್ಕ ನಡೀತಾ ಇರ್ತೀರಿ, ಎದುರಿಗೆ ಗೈಡ್ ಜೊತೆ ನಲವತ್ತು ಜನ ಬರ್ತಾರೆ, ದಾರಿ ಬಿಡೋಕೆ ತಿರುಗಿದ್ರೆ ಬ್ಯಾಗ್ ಹೋಗಿ ಮೂರ್ತಿಗೆ ಬಡಿಯುತ್ತೆ. ಅದು ಬಳಪದ ಕಲ್ಲು, ಮೆದು. ಟ್ರೈಪಾಡ್ ಕಾಲಿನ ಲೋಹದ ತುದಿ ತಾಗಿದ್ರೂ ಗೀರು ಬೀಳುತ್ತೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ.

ಇಲ್ಲಿಗೆ ಅಡ್ಡಹೆಗಲಿನ ಸ್ಲಿಂಗ್ ಸಾಕು, 6ರಿಂದ 8 ಲೀಟರ್. ಬಾಡಿಗೆ 16-80 ಸಿಕ್ಕಿಸಿ, ಪಕ್ಕದಲ್ಲಿ 10-20, ಒಂದು ಬ್ಯಾಟರಿ, ಒಂದು ಕಾರ್ಡ್. 200-500 ಮನೇಲಿ ಬಿಡಿ. ಎತ್ತರದ ಮದನಿಕೆಯರಿಗೆ ಟೆಲಿ ಬೇಕು ಅಂದ್ರೆ 70-300 ಥರದ ಹಗುರ ಲೆನ್ಸು ಸಾಕು. ಟ್ರೈಪಾಡ್ ಅಂತೂ ಪುರಾತತ್ತ್ವ ಇಲಾಖೆ ಅನುಮತಿ ಇಲ್ದೆ ಬಳಸೋ ಹಾಗಿಲ್ಲ, ಸುಮ್ನೆ ಹೊತ್ಕೊಂಡು ಹೋಗಿ ಗೇಟಲ್ಲಿ ಬಿಟ್ಟು ಬರೋದ್ಯಾಕೆ.

ಸ್ಲಿಂಗ್ ನೋಡುವಾಗ ಎರಡು ವಿಷಯ. ಮುಂದಕ್ಕೆ ಎಳೆದಾಗ ಮುಚ್ಚಳ ಮೈಯಿಂದ ಆಚೆಗೆ ತೆರೆಯುತ್ತೋ ಮೈ ಕಡೆಗೋ ನೋಡಿ. ಆಚೆಗೆ ತೆರೆದ್ರೆ ಮುಚ್ಚಳ ಅಡ್ಡ ಬರದೆ ಲೆನ್ಸ್ ಬದಲಾಯಿಸೋಕೆ ಬ್ಯಾಗೇ ಮೇಜಾಗುತ್ತೆ. ಇನ್ನೊಂದು, ಪಟ್ಟಿ ಕನಿಷ್ಠ 38 ಮಿ.ಮೀ. ಅಗಲ ಇರಲಿ. 25ರ ಪಟ್ಟಿ ಎರಡು ಕೆ.ಜಿ.ಗೇ ಹೆಗಲು ಕೊಯ್ಯುತ್ತೆ.

ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲಿ. ಇಳಿಯುವಾಗ ಕಂಬಿ ಹಿಡಿಯೋಕೆ ಒಂದು ಕೈ ಖಾಲಿ ಬೇಕು. ಸ್ಲಿಂಗ್ ಮುಂದೆ ತೂಗಾಡಿದ್ರೆ ಮೆಟ್ಟಿಲು ಕಾಣಲ್ಲ. ಬೆನ್ನಿಗೆ ಸರಿಸಿ, ಅದರ ಅಡ್ಡಪಟ್ಟಿ ಇದ್ರೆ ಹಾಕಿ.

ಕಾಫಿಕಣ, ಮೂಡಿಗೆರೆ

ಚಾರ್ಮಾಡಿ ಅಂದ್ರಲ್ಲ, ಅದಕ್ಕೆ ಹೇಳ್ತೇನೆ ಮಾರಾಯ್ರೆ. ನಮ್ಮ ಕಡೆ ಬ್ಯಾಗಿಗೆ ಶತ್ರು ಪೆಟ್ಟಲ್ಲ, ನೀರು ಮತ್ತೆ ಥಂಡಿ. ಪ್ಯಾಡಿಂಗ್ ಎಷ್ಟು ದಪ್ಪ ಅಂತ ಕೇಳೋರೇ ಎಲ್ಲ, ನೀರು ಎಲ್ಲಿಂದ ಬರುತ್ತೆ ಅಂತ ಕೇಳೋರಿಲ್ಲ.

ಬಟ್ಟೆಯಿಂದ ಬರೋದು ಕಡಿಮೆ. 420 ಡೆನಿಯರ್ (ನೂಲಿನ ದಪ್ಪದ ಅಳತೆ) ನೈಲಾನಿಗೆ ಒಳಗೆ ಪಿಯು (ಪಾಲಿಯುರೆಥೇನ್) ಲೇಪ ಸರಿಯಾಗಿದ್ರೆ ಬಟ್ಟೆ ನೀರು ಬಿಡಲ್ಲ. ಬರೋದು ಹೊಲಿಗೆಯ ಸೂಜಿ ತೂತಿನಿಂದ, ಜಿಪ್ಪಿನಿಂದ. ಜಿಪ್ಪಿಗೆ ಮೇಲೆ ಹೊಳೆಯೋ ಲೇಪ ಇದ್ದ ಮಾತ್ರಕ್ಕೆ ನೀರು ನಿಲ್ಲಲ್ಲ, ಎರಡು ರನ್ನರ್ ಸೇರೋ ಜಾಗದಲ್ಲಿ ಸಂದು ಇದ್ದೇ ಇರುತ್ತೆ. ರನ್ನರುಗಳನ್ನ ಬ್ಯಾಗಿನ ನೆತ್ತಿಯಲ್ಲಿ ನಿಲ್ಲಿಸಬೇಡಿ, ಪಕ್ಕಕ್ಕೆ ಇಳಿಸಿ ನಿಲ್ಲಿಸಿ. ಅಷ್ಟರಿಂದಲೇ ಎಷ್ಟೋ ನೀರು ತಪ್ಪುತ್ತೆ.

ಬ್ಯಾಗ್ ಜೊತೆ ಬರೋ ಮಳೆ ಕವರ್ ಇದೆಯಲ್ಲ, ಅದು ಮುಂದೆ, ಮೇಲೆ, ಪಕ್ಕ ಮುಚ್ಚುತ್ತೆ. ಬೆನ್ನಿನ ಕಡೆ ತೆರೆದೇ ಇರುತ್ತೆ, ಹೆಗಲ ಪಟ್ಟಿ ಹೊರಗೆ ಬರಬೇಕಲ್ಲ. ಪುನರ್ವಸು ಪುಷ್ಯ ಮಳೆಯಲ್ಲಿ ನೀರು ಕುತ್ತಿಗೆಯಿಂದ ಬೆನ್ನು ಹಿಡಿದು ಇಳಿದು ನೇರ ಆ ಜಾಗಕ್ಕೇ ಹೋಗುತ್ತೆ. ಬೆನ್ನಿನ ಪ್ಯಾಡು ಸ್ಪಂಜು, ಹೀರಿಕೊಂಡು ಕೂರುತ್ತೆ. ಈಗ ನೋಡಿ, ಕಳ್ಳರ ಭಯಕ್ಕೆ ಬೆನ್ನಿನ ಕಡೆ ತೆರೆಯೋ ಬ್ಯಾಗು ತುಂಬ ಜನಪ್ರಿಯ. ಅದರ ದೊಡ್ಡ ಜಿಪ್ಪು ಇರೋದೇ ಆ ನೀರು ಹರಿಯೋ ದಾರೀಲಿ, ಕವರ್ ಮುಚ್ಚದ ಜಾಗದಲ್ಲಿ. ಹಾಸನದ ಬಸ್‌ ಸ್ಟ್ಯಾಂಡಿಗೆ ಒಳ್ಳೇ ಬ್ಯಾಗು, ಕೊಟ್ಟಿಗೆಹಾರದ ಮಳೆಗೆ ಅಲ್ಲ. ಸಾಲದ್ದಕ್ಕೆ ಒಳಗೆ ಹೋದ ನೀರು ಕವರಿನ ತಳದಲ್ಲಿ ತುಂಬ್ಕೊಂಡು ಬ್ಯಾಗಿನ ಬುಡ ನೆನೀತಾ ಇರುತ್ತೆ. ಕವರಿನ ತಳದಲ್ಲಿ ನೀರು ಹೋಗೋ ಕಣ್ಣು ಇದೆಯಾ ನೋಡಿ, ಇಲ್ಲದಿದ್ರೆ ಒಂದು ಐಲೆಟ್ ಹಾಕಿಸಿ.

ಆದ್ದರಿಂದ ರಕ್ಷಣೆ ಹೊರಗಲ್ಲ, ಒಳಗೆ. ಮಾಮೂಲಿ ಚಾರಣದ ಬ್ಯಾಗ್ 40 ಲೀಟರಿಂದು, ಅದರೊಳಗೆ ಬಾಯಿ ಸುತ್ತಿ ಮಡಚೋ, ನೀರು ಹೋಗದ ಡ್ರೈ ಬ್ಯಾಗ್, ಅದರೊಳಗೆ ಪ್ಯಾಡಿಂಗ್, ಖಾನೆ ಇರೋ ಒಳಚೀಲ ಅಂದ್ರೆ ಇನ್ಸರ್ಟ್, ಅದರಲ್ಲಿ ಸಾಮಾನು. ಹೊರಗಿನ ಬ್ಯಾಗು ಪೂರ್ತಿ ನೆನೆದ್ರೂ ಪರವಾಗಿಲ್ಲ.

ಡ್ರೈ ಬ್ಯಾಗ್ ತಗೊಳ್ಳುವಾಗ ಲೀಟರ್ ನೋಡಬೇಡಿ, ಬಾಯಿಯ ಅಗಲ ನೋಡಿ. ಇನ್ಸರ್ಟ್ 30 ಸೆಂ.ಮೀ. ಅಗಲ, 16 ಆಳ ಇದ್ರೆ ಅದರ ಸುತ್ತಳತೆ 92. ಡ್ರೈ ಬ್ಯಾಗನ್ನ ಚಪ್ಪಟೆ ಹಾಸಿದಾಗ ಬಾಯಿ 48 ಆದ್ರೂ ಇರಬೇಕು, ಇಲ್ಲಾಂದ್ರೆ ಅರ್ಧಕ್ಕೇ ಸಿಕ್ಕಿಹಾಕ್ಕೊಳ್ಳುತ್ತೆ. ಉದ್ದ, ಇನ್ಸರ್ಟಿಗಿಂತ 20 ಸೆಂ.ಮೀ. ಜಾಸ್ತಿ. ಗಾಳಿ ಒತ್ತಿ ತೆಗೆದು ಬಾಯಿಯನ್ನ ಮೂರು ಸುತ್ತು ಮಡಚಿ ಕ್ಲಿಪ್ ಹಾಕಿ. ಎರಡೇ ಸುತ್ತಿಗೆ ನಿಲ್ಲಿಸಿದ್ರೆ ಮೂಲೆಯಲ್ಲಿ ನೀರು ಜಿನುಗುತ್ತೆ.

ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ತೋಟದಲ್ಲಿ ಸುಲಭಕ್ಕೆ ಸಿಗುತ್ತೆ ಅಂತ ಅದನ್ನ ಬಳಸೋರಿದ್ದಾರೆ. ಬೇಡ. ಎಷ್ಟು ತೊಳೆದ್ರೂ ರಸಗೊಬ್ಬರದ ಉಪ್ಪು ಅಂಟಿರುತ್ತೆ, ಥಂಡಿ ಎಳ್ಕೊಂಡು ಬ್ಯಾಟರಿ ಕಾಂಟ್ಯಾಕ್ಟು, ಸ್ಕ್ರೂ ತಲೆ ಎಲ್ಲ ಹಸಿರು ಹಿಡಿಸುತ್ತೆ.

ಮಂಜ್ರಾಬಾದ್, ಸಕಲೇಶಪುರ

ಕಾಫಿಕಣ ಹೇಳಿದ್ದು ನಡಿಗೆಗೆ ಸರಿ. ಆದ್ರೆ ಹಕ್ಕಿ ಕಂಡಾಗ ಬ್ಯಾಗ್ ಇಳಿಸಿ, ಮೇಲಿನ ಬಾಯಿ ಬಿಚ್ಚಿ, ಡ್ರೈ ಬ್ಯಾಗಿನ ಮೂರು ಸುತ್ತು ಬಿಚ್ಚಿ, ಇನ್ಸರ್ಟ್ ಜಿಪ್ ಎಳೆದು ಕ್ಯಾಮೆರಾ ತೆಗೆಯೋಷ್ಟರಲ್ಲಿ ಹಕ್ಕಿ ಬಿಸ್ಲೆ ದಾಟಿ ಸುಬ್ರಹ್ಮಣ್ಯದಲ್ಲಿರುತ್ತೆ. ಬಿಸಿಲು ಕಾಲದಲ್ಲಿ, ಅಂದ್ರೆ ನವೆಂಬರಿಂದ ಏಪ್ರಿಲ್ ತನಕ, ಡ್ರೈ ಬ್ಯಾಗ್ ಮಡಚಿ ತಳದಲ್ಲಿಟ್ಟು ಬರೀ ಇನ್ಸರ್ಟ್ ಬಳಸಿ. ಚಾರಣದ ಬ್ಯಾಗ್ ಆರಿಸುವಾಗಲೂ ಮೇಲಿನ ಬಾಯಿ ಒಂದೇ ಇರೋದು ಬೇಡ. ಮುಂಭಾಗ ಅಥವಾ ಪಕ್ಕದಲ್ಲಿ ಉದ್ದ ಜಿಪ್ ಇದ್ದು ಇನ್ಸರ್ಟಿನ ಬಾಯಿ ಆ ಕಡೆಗೇ ತಿರುಗಿ ಕೂರುವಂಥದ್ದು ನೋಡಿ.

ಇನ್ಸರ್ಟ್ ಒಳಗೆ ಯಾವುದು ಎಲ್ಲಿ ಅನ್ನೋದೂ ಮುಖ್ಯ. ಭಾರದ ಲೆನ್ಸು ಬೆನ್ನಿಗೆ ಹತ್ತಿರ, ಭುಜದ ಮೂಳೆಗಳ ಮಧ್ಯದ ಎತ್ತರದಲ್ಲಿ. ದೂರಕ್ಕೆ ಹೋದಷ್ಟೂ ಹಿಂದಕ್ಕೆ ಎಳೆಯುತ್ತೆ, ನೀವು ಮುಂದೆ ಬಾಗಿ ನಡೀತೀರಿ. ಟ್ರೈಪಾಡನ್ನ ಬ್ಯಾಗಿನ ಮುಂಭಾಗದ ನಡುವೆ ಕಟ್ಟಿದ್ರೂ ಇದೇ ಕಥೆ. ಪಕ್ಕಕ್ಕೆ ಕಟ್ಟಿ, ಎದುರು ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟು ಸಮ ಮಾಡಿ. ತೋಟದ ದಾರೀಲಿ ಕಾಫಿ ಗಿಡದ ರೆಂಬೆ ಸಿಕ್ಕಿಸ್ಕೊಳ್ಳೋದರಿಂದ ಟ್ರೈಪಾಡಿನ ತಲೆ ಕೆಳಗೆ, ಕಾಲು ಮೇಲೆ ಇರಲಿ.

ವೆಲ್ಕ್ರೊ ಅಡ್ಡಗೋಡೆಗಳ ಗಡಸು ಬದಿ ಬರಿದಾಗಿ ಬಿಡಬೇಡಿ. ಅದು ಲೆನ್ಸ್ ಹುಡ್, ಎಲ್‌ಸಿಡಿ ಗಾಜು ಉಜ್ಜುತ್ತೆ, ಬಟ್ಟೆಯ ನೂಲು ಕೀಳುತ್ತೆ.

ಪ್ಯಾಡಿಂಗ್ ಪರೀಕ್ಷೆ ಸುಲಭ. ಹೆಬ್ಬೆರಳಲ್ಲಿ ಒತ್ತಿ. ತಳ ಸಿಕ್ಕಿ ಬೆರಳಿಗೆ ಆಚೆ ಬದಿ ತಗುಲಿದ್ರೆ ಅದು ಹಾಸಿಗೆ ಸ್ಪಂಜು, ನೀರು ಹೀರುತ್ತೆ, ಬಿದ್ದಾಗ ಕಾಯಲ್ಲ. ಒತ್ತಿದಾಗ ತಡೆದು ಬಿಟ್ಟಾಗ ತಕ್ಷಣ ಮೇಲೆ ಬಂದ್ರೆ ಮುಚ್ಚಿದ ಕೋಶದ ಫೋಮು. ಹತ್ತು ಮಿ.ಮೀ. ಸಾಕು, ತಳದಲ್ಲಿ ಮಾತ್ರ 15 ಇರಲಿ. ಯಾಕಂದ್ರೆ ಬ್ಯಾಗಿಗೆ ದಿನಾ ಬೀಳೋ ಪೆಟ್ಟು ತಳಕ್ಕೇ, ನೆಲಕ್ಕೆ ಇಳಿಸೋದು.

ಹೇಮಾವತಿ_ದಂಡೆ, ಹಾಸನ

ಹೊರಗಿನ ಬ್ಯಾಗ್ ಚಾರಣದ್ದು ಅಂದ್ರೆ ಬೈಕಲ್ಲಿ ಹೇಗೆ? ಹಿಂದಿನ ಕ್ಯಾರಿಯರಿಗೆ ಕಟ್ಟಬಹುದಾ?

ಘಾಟಿ_ಸವಾರ, ಅರಸೀಕೆರೆ

ಕ್ಯಾರಿಯರಿಗೆ ಕಟ್ಬೇಡಿ ಗುರುವೇ. ಟಾಪ್ ಬಾಕ್ಸ್ ಅದಕ್ಕಿಂತ ಕೆಟ್ಟದ್ದು. ಹಿಂದಿನ ಚಕ್ರದ ಆಚೆಗೆ ಚಾಚಿರೋ ಭಾಗದಲ್ಲಿ ಕುಲುಕಾಟ ಅತಿ ಹೆಚ್ಚು. ಲೆನ್ಸಿನ ಸ್ಕ್ರೂ ಸಡಿಲ ಆಗೋದು, ಕಾಲರ್ ಬಿಗಿ ತಪ್ಪೋದು ಅಲ್ಲೇ. ಎಂಜಿನ್ ಕಂಪನದಿಂದ ಫೋನಿನ ಕ್ಯಾಮೆರಾದ ಸ್ಟೆಬಿಲೈಸರ್ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಕಂಪನ ಕಡಿಮೆ ಮಾಡೋ ಗಾಜಿನ ಗುಂಪು ನಿಮ್ಮ 200-500ರಲ್ಲೂ ಇದೆ.

ಬೆನ್ನಿಗೇ ಹಾಕಿ. ನಿಮ್ಮ ಬೆನ್ನು, ಮಂಡಿ ಎಲ್ಲಕ್ಕಿಂತ ಒಳ್ಳೇ ಶಾಕ್ ಅಬ್ಸಾರ್ಬರ್. ಪಟ್ಟಿ ಹೊಂದಿಸುವಾಗ ಸೀಟಿನ ಮೇಲೆ ಕೂತು ಹೊಂದಿಸಿ, ನಿಂತಲ್ಲ. ಬ್ಯಾಗಿನ ಬುಡ ಹಿಂದಿನ ಸೀಟಿಗೆ ಹಗುರಾಗಿ ತಾಗಬೇಕು. ಪೂರ್ತಿ ಕೂತ್ರೆ ಗುಂಡಿಗೆ ಇಳಿದಾಗೆಲ್ಲ ಸೀಟಿನ ಪೆಟ್ಟು ನೇರ ಒಳಗೆ ಹೋಗುತ್ತೆ. ಬಾಡಿಯಿಂದ ದೊಡ್ಡ ಲೆನ್ಸು ಬಿಚ್ಚಿ ಬೇರೆ ಬೇರೆ ಇಡಿ, ಎರಡಕ್ಕೂ ಮುಚ್ಚಳ ಹಾಕಿ. 2300 ಗ್ರಾಂ ಮೌಂಟಿಗೆ, ಅಂದ್ರೆ ಲೆನ್ಸ್ ಕೂರೋ ಬಾಯಿಗೆ, ನೇತಾಡ್ತಾ ಹೋಗೋದು ಬೇಡ.

ಜೋಲಾಡೋ ಪಟ್ಟಿ ತುದಿಗಳನ್ನೆಲ್ಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಗಾಳಿಗೆ ಅವು ಬಡಿದು ಬಡಿದು ಇಂಡಿಕೇಟರ್ ಮುರಿಯುತ್ತೆ, ಸೊಂಟದ ಪಟ್ಟಿ ಬಿಚ್ಚಿದ್ರೆ ಚೈನಿಗೆ ಸಿಗಬಹುದು. ಮಳೆಗೆ ಪಾಂಚೊ (ಬ್ಯಾಗ್ ಸಮೇತ ಮೈ ಮುಚ್ಚೋ ಮಳೆ ಹೊದಿಕೆ) ಹಾಕೋದು ನಡೆಯುವಾಗ ಬಲು ಚೆನ್ನ, ಬೆನ್ನು-ಬ್ಯಾಗಿನ ಮಧ್ಯದ ಸಂದೂ ಮುಚ್ಚುತ್ತೆ. ಬೈಕಲ್ಲಿ ಮಾತ್ರ ಬೇಡವೇ ಬೇಡ.

ಮದುವೆಮನೆ, ಚನ್ನರಾಯಪಟ್ಟಣ

ಮದುವೆ ಕೆಲಸದವರಿಗೆ ಇದೆಲ್ಲ ಬೇರೆ ಲೆಕ್ಕ. ಛತ್ರದ ಮುಂದೆ ಗಾಡಿ ನಿಲ್ಲುತ್ತೆ, ನಡಿಗೆ ಇಲ್ಲ. ಎರಡು ಬಾಡಿ, ಮೂರು ಫ್ಲ್ಯಾಶ್, ಟ್ರಿಗರ್, ಹದಿನಾರು ಎಎ ಸೆಲ್ಲು ಇದ್ರೆ ಗಾಲಿ ಇರೋ ಟ್ರಾಲಿ ಬ್ಯಾಗು, ಜೊತೆಗೆ ಸೊಂಟಕ್ಕೆ ಒಂದು ಪೌಚು. ಧಾರೆ ಹೊತ್ತಲ್ಲಿ ಬ್ಯಾಗ್ ಬಾಯಿ ತೆರೆದಿಟ್ರೆ ಅಕ್ಷತೆ, ಅರಿಶಿನ, ಕುಂಕುಮ ಎಲ್ಲ ಒಳಗೆ. ಕುಂಕುಮದ ಪುಡಿ ವೆಲ್ಕ್ರೊದಲ್ಲಿ ಕೂತ್ರೆ ಹೋಗಲ್ಲ, ಮುಂದಿನ ವಾರ ಲೆನ್ಸ್ ಮೌಂಟಿಗೆ ಬರುತ್ತೆ. ಮುಚ್ಚಳ ತಾನೇ ಬಿದ್ದುಕೊಳ್ಳೋ ಹೆಗಲ ಬ್ಯಾಗು ಉತ್ತಮ. ಬಳಸಿದ ಸೆಲ್ಲು ಎಡ ಜೇಬು, ತುಂಬಿದ್ದು ಬಲ ಜೇಬು, ಇದನ್ನ ಯಾವತ್ತೂ ಅದಲು ಬದಲು ಮಾಡಬೇಡಿ.

ಮಳೆಹಕ್ಕಿ, ಕೊಪ್ಪ

ನನ್ನದು ಸೋನಿ, 200-600 ಲೆನ್ಸು. ಝೂಮ್ ಮಾಡಿದ್ರೆ ಉದ್ದ ಆಗಲ್ಲ, ಆದ್ರೆ ಮಡಚೋಕೂ ಆಗಲ್ಲ, 31.8 ಸೆಂ.ಮೀ. ಯಾವಾಗಲೂ. ನಾನು ಕುಳ್ಳಿ, ತೂಕವೂ ಕಡಿಮೆ. ಅಂಗಡೀಲಿ ನೋಡಿದ ದೊಡ್ಡ ಬ್ಯಾಗುಗಳ ಸೊಂಟದ ಪಟ್ಟಿ ತೊಡೆ ಮೇಲೆ ಬರುತ್ತೆ. ಇನ್ನೊಂದು: ಹಳೇ ಬ್ಯಾಗಿನ ಒಳಗೆಲ್ಲ ಅಂಟಂಟು, ಬಿಳಿ ಪುಡಿ ಉದುರ್ತಿದೆ. ಇದು ಫಂಗಸ್ಸಾ?

ಗಿರಿಶ್ರೇಣಿ, ಚಿಕ್ಕಮಗಳೂರು

ಮೊದಲನೇದಕ್ಕೆ ಉತ್ತರ ಬೆನ್ನಿನ ಅಳತೆ ಮೇಡಂ, ಎತ್ತರವಲ್ಲ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬೋ ಮೂಳೆಯಿಂದ, ಎರಡೂ ಕೈ ಸೊಂಟದ ಮೂಳೆ ಮೇಲಿಟ್ಟಾಗ ಹೆಬ್ಬೆರಳುಗಳು ಸೇರೋ ಗೆರೆವರೆಗೆ ಟೇಪಲ್ಲಿ ಅಳೆಸಿ. ಬ್ಯಾಗಿನಲ್ಲಿ ಹೆಗಲ ಪಟ್ಟಿ ಹೊಲಿದ ಜಾಗದಿಂದ ಸೊಂಟದ ಪಟ್ಟಿಯ ನಡುವಿನವರೆಗೆ ಅಳೆಯಿರಿ. ಎರಡಕ್ಕೂ ಎರಡು ಮೂರು ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಯಾವ ಬ್ರ್ಯಾಂಡ್ ಆದ್ರೂ ಬೇಡ. ಕ್ಯಾಮೆರಾ ಬ್ಯಾಗುಗಳಲ್ಲಿ ಈ ಅಳತೆ ಬದಲಾಯಿಸೋಕೆ ಬರೋದು ಅಪರೂಪ, ಚಾರಣದ ಬ್ಯಾಗುಗಳಲ್ಲಿ ಮಾಮೂಲು. ಹೆಂಗಸರಿಗಂತಲೇ ಕಿರಿದಾದ ಹೆಗಲು, ಬಾಗಿದ ಪಟ್ಟಿ ಇರೋವೂ ಸಿಗುತ್ವೆ. ಹೊರೆ ಒಟ್ಟು ದೇಹದ ತೂಕದ ಐದನೇ ಒಂದು ಭಾಗ ದಾಟದಿರಲಿ. ಐವತ್ತು ಕೆ.ಜಿ. ಇರೋರಿಗೆ ಹತ್ತು, ಏರುದಾರಿಗೆ ಎಂಟು.

200-600 ಲೆನ್ಸಿಗೆ ಬಾಡಿ ಸೇರಿಸಿದ್ರೆ ಮೌಂಟಿಂದ ಹಿಂದಕ್ಕೆ ಇನ್ನೂ ಐದಾರು ಸೆಂ.ಮೀ. ಆಗುತ್ತೆ. 40 ಸೆಂ.ಮೀ. ಒಳ ಎತ್ತರ ಹುಡುಕಿ. ಇಲ್ಲವಾದ್ರೆ ಉದ್ದನೆ ಲೆನ್ಸ್ ಪೌಚ್ ಒಂದು, ಬಾಡಿಗೆ ಬೇರೆ ಸಣ್ಣ ಇನ್ಸರ್ಟ್ ಒಂದು. ಸಣ್ಣ ಬೆನ್ನಿಗೆ ಇದೇ ವಾಸಿ.

ರನ್ನರ್_ರಿಪೇರಿ, ಹಾಸನ

ಅಂಟೋದು ಫಂಗಸ್ ಅಲ್ಲ ಕಣಕ್ಕ. ಬಟ್ಟೆ ಒಳಮೈಗೆ ಬಳಿದಿರೋ ಪಿಯು ಲೇಪ ಗಾಳಿಯ ತೇವಕ್ಕೆ ಒಡೆದುಹೋಗ್ತಿದೆ. ಮೊದಲು ಅಂಟು ಬರುತ್ತೆ, ಒಂಥರಾ ಹುಳಿ ವಾಸನೆ, ಆಮೇಲೆ ಸಿಪ್ಪೆ, ಪುಡಿ. ಕೊಪ್ಪ ಶೃಂಗೇರಿ ಕಡೆ ಬೀರುವಲ್ಲಿ ಮುಚ್ಚಿಟ್ಟ ಬ್ಯಾಗಿಗೆ ಬಳಸೋ ಬ್ಯಾಗಿಗಿಂತ ಬೇಗ ಬರುತ್ತೆ. ತಿರುಗಿ ಸರಿ ಮಾಡೋಕೆ ಆಗಲ್ಲ. ಆ ಪುಡಿ ಸೆನ್ಸರ್ ಮೇಲೆ ಹೋಗೋದು ಗ್ಯಾರಂಟಿ, ಆ ಬ್ಯಾಗನ್ನ ತರಕಾರಿಗೆ ಬಿಡಿ. ಹೊಸದು ತಗೊಳ್ಳುವಾಗ ಟಿಪಿಯು (ಥರ್ಮೊಪ್ಲಾಸ್ಟಿಕ್ ಪಾಲಿಯುರೆಥೇನ್) ಲೇಪ ಅಂತ ಬರೆದಿದ್ರೆ ಅದು ತೇವಕ್ಕೆ ಹೆಚ್ಚು ಬಾಳುತ್ತೆ. ದಪ್ಪ ಕ್ಯಾನ್ವಾಸಿಗೆ ಈ ರೋಗ ಇಲ್ಲ, ಆದ್ರೆ ನೆನೆದ್ರೆ ಎರಡು ದಿನ ಒಣಗಲ್ಲ. ಚರ್ಮದ ಬ್ಯಾಗು ಮಲೆನಾಡಿಗೆ ತರಲೇಬೇಡಿ, ಹಸಿರು ಬೂಷ್ಟು ಹಿಡಿದು ಅದೇ ಲೆನ್ಸಿಗೂ ದಾಟುತ್ತೆ.

ಜಿಪ್ಪಿನ ವಿಷಯ ಯಾರೂ ಹೇಳಲಿಲ್ಲ. ರನ್ನರ್ ಬೆನ್ನಲ್ಲಿ ನಂಬರ್ ಇರುತ್ತೆ: 5, 8, 10. ಮುಖ್ಯ ಬಾಯಿಗೆ 8 ಅಥವಾ 10 ಇರಲಿ, ಜೇಬಿಗೆ 5 ನಡೆಯುತ್ತೆ. ಮುಖ್ಯ ಬಾಯಿಗೇ 5 ಹಾಕಿದ್ರೆ ಎಲ್ಲೋ ಉಳಿಸಿದ್ದಾರೆ ಅಂತ ಅರ್ಥ, ಬೇರೆ ಕಡೆಯೂ ಉಳಿಸಿರ್ತಾರೆ. ಜಿಪ್ ಹಾಕಿದ ಮೇಲೆ ಹಿಂದಿನಿಂದ ಬಾಯಿ ಬಿಡ್ತಾ ಹೋದ್ರೆ ಹಲ್ಲು ಹೋಗಿಲ್ಲ, ರನ್ನರ್ ಸವೆದು ಅಗಲ ಆಗಿದೆ. ಇಕ್ಕುಳದಲ್ಲಿ ರನ್ನರಿನ ಹಿಂಭಾಗದ ಎರಡು ಬದಿಯನ್ನ ಒಂದೊಂದು ಸಲ ಮೆಲ್ಲಗೆ ಅದುಮಿ, ಎಳೆದು ನೋಡಿ, ಮತ್ತೆ ಅದುಮಿ. ಜೋರಾಗಿ ಅದುಮಿದ್ರೆ ಬಿರುಕು ಬಿಡುತ್ತೆ. ಅದೂ ಆಗದಿದ್ರೆ ಅದೇ ನಂಬರಿನ ರನ್ನರ್ ಬದಲಾಯಿಸಿದ್ರೆ ಸಾಕು, ಪೂರ್ತಿ ಜಿಪ್ ಬಿಚ್ಚಿಸಬೇಡಿ. ಬಿಗಿ ಆಗಿದ್ರೆ ಮೇಣದ ಬತ್ತಿ ಉಜ್ಜಿ. ಕೊಬ್ಬರಿ ಎಣ್ಣೆ, ಗ್ರೀಸು ಬೇಡ, ಧೂಳು ಕಚ್ಚಿ ಹಲ್ಲು ಸವೆಯುತ್ತೆ.

ಹೆಗಲ ಪಟ್ಟಿ ಬ್ಯಾಗಿಗೆ ಸೇರೋ ಕಡೆ ಹೊಲಿಗೆ ನೋಡಿ. ಚೌಕದೊಳಗೆ ಅಡ್ಡಗೆರೆ, ಇಲ್ಲ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ಪಟ್ಟೆ ಇರಬೇಕು. ಒಂದೇ ಗೆರೆ ಹೊಲಿಗೆ ಇದ್ರೆ ಏಳು ಕೆ.ಜಿ. ಹಾಕಬೇಡಿ. ಮರು ಹೊಲಿಸೋದಾದ್ರೆ ನೈಲಾನ್ ದಾರ ಅಂತ ಹೇಳಿ, ಹತ್ತಿ ದಾರ ಒಂದು ಮಳೆಗಾಲಕ್ಕೆ ಕೊಳೆಯುತ್ತೆ.

ಕಾಫಿಕಣ, ಮೂಡಿಗೆರೆ

ಮಳೆಹಕ್ಕಿಯವರೆ, ಬ್ಯಾಗಲ್ಲೇ ಸಾಮಾನು ಇಟ್ಟು ಬೀರು ಸೇರಿಸೋ ಅಭ್ಯಾಸ ಇದ್ರೆ ಮೊದಲು ಅದನ್ನ ಬಿಡಿ. ಬ್ಯಾಗ್ ಹೊತ್ತೊಯ್ಯೋಕೆ ಮಾತ್ರ, ಇಡೋಕಲ್ಲ. ಪ್ಯಾಡಿಂಗು ಥಂಡಿ ಹಿಡ್ಕೊಂಡು ಕತ್ತಲಲ್ಲಿ ಲೆನ್ಸಿಗೆ ಒರಗಿ ಕೂತಿರುತ್ತೆ. ಗಾಳಿಯ ತೇವ ದಿನಗಟ್ಟಲೆ ಶೇ. 60ರ ಮೇಲೆ ನಿಂತ್ರೆ ಗಾಜಿಗೆ ಫಂಗಸ್ ಭಯ ಶುರು. ಜೂನಿಂದ ಸೆಪ್ಟೆಂಬರ್ ಇಲ್ಲಿ ಮನೆ ಒಳಗೂ ಅದರ ಕೆಳಗೆ ಇಳಿಯೋದು ಕಷ್ಟ.

ಡ್ರೈ ಕ್ಯಾಬಿನೆಟ್ (ತೇವ ತಗ್ಗಿಸೋ ಪೆಟ್ಟಿಗೆ) ಇದ್ರೆ ಶೇ. 40ರಿಂದ 50ಕ್ಕೆ ಇಡಿ. ಇಲ್ಲದಿದ್ರೆ ರಬ್ಬರ್ ಗ್ಯಾಸ್ಕೆಟ್ ಇರೋ 20-25 ಲೀಟರ್ ಡಬ್ಬ, 250-300 ಗ್ರಾಂ ಸಿಲಿಕಾ ಜೆಲ್, ತೇವ ಅಳೆಯೋಕೆ ಒಂದು ಸಣ್ಣ ಹೈಗ್ರೋಮೀಟರ್. ಕಿತ್ತಳೆ ಬಣ್ಣದ ಕಾಳು ಹಸಿರಾದಾಗ ತೆಗೆದು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಆಡಿಸ್ತಾ ಇರಿ, ಬಣ್ಣ ಮರಳೋವರೆಗೆ. ಓವನ್ ಇದ್ರೆ 110 ಡಿಗ್ರಿಗೆ ಎರಡು ಗಂಟೆ. ಉರಿ ಜಾಸ್ತಿ ಆದ್ರೆ ಕಾಳು ಕಪ್ಪಾಗಿ ಕೆಲಸ ಬಿಡುತ್ತೆ. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ಹಾಕಿ. ಅಡುಗೆ ಬಾಣಲೆಯಲ್ಲಿ ಮಾತ್ರ ಬೇಡ, ಇದಕ್ಕಂತಲೇ ಹಳೇದೊಂದು ಇಟ್ಕೊಳ್ಳಿ.

ಹೊರಗಿಂದ ಬಂದ ಖಾಲಿ ಬ್ಯಾಗನ್ನ ಅಡ್ಡಗೋಡೆ ಎಲ್ಲ ಕಿತ್ತು, ಬಾಯಿ ತೆರೆದು, ಒಲೆ ಮನೆ ಬೆಚ್ಚಗಿರೋ ಕಡೆ ನೇತು ಹಾಕಿ. ಹೊಗೆ ತಾಗೋ ಅಟ್ಟಕ್ಕಲ್ಲ. ಬಿಸಿಲು ಸಿಕ್ರೂ ನೇರ ಬಿಸಿಲಿಗೆ ಒಳಮೈ ಹಾಕಬೇಡಿ, ಲೇಪ ಬೇಗ ಸಾಯುತ್ತೆ. ವಾಷಿಂಗ್ ಮೆಷಿನ್‌ಗಂತೂ ಬೇಡ.

ಇಂಬಳದ ಬಗ್ಗೆ ಒಂದು ಮಾತು. ಬ್ಯಾಗ್ ನೆಲಕ್ಕಿಟ್ರೆ ಬೆನ್ನಿನ ಪ್ಯಾಡಿನ ಜಾಳಿಗೆಯಲ್ಲಿ ಸೇರ್ಕೊಂಡು ಆಮೇಲೆ ನಿಮ್ಮ ಕುತ್ತಿಗೆಗೇ ಬರುತ್ವೆ. ಕೊಂಬೆಗೆ ನೇತು ಹಾಕಿ, ಮತ್ತೆ ಹೊರುವಾಗ ಪ್ಯಾಡಿನ ಕಡೆ ಒಮ್ಮೆ ಕೊಡವಿ. ಉಪ್ಪು ಕಾಲಿಗೆ ಹಚ್ಚಿ, ಬ್ಯಾಗಿಗಲ್ಲ, ಜಿಪ್ಪಿನ ಲೋಹ ತಿನ್ನುತ್ತೆ. ಬ್ಯಾಗಿಗೆ ಹೊಗೆಸೊಪ್ಪಿನ ನೀರು ಒರೆಸಿದ್ರೆ ನಡೆಯುತ್ತೆ, ವಾಸನೆ ತಡ್ಕೋಬೇಕು ಅಷ್ಟೆ.

ಮಂಜ್ರಾಬಾದ್, ಸಕಲೇಶಪುರ

ಶೆಟ್ಟಿಹಳ್ಳಿ ಚರ್ಚ್ ಕಡೆ ಹಿನ್ನೀರಲ್ಲಿ ತೆಪ್ಪ ಹತ್ತೋರಿಗೆ: ಎದೆ ಕ್ಲಿಪ್ಪು, ಸೊಂಟದ ಪಟ್ಟಿ ಎರಡೂ ಬಿಚ್ಚಿ, ಬ್ಯಾಗ್ ಇಳಿಸಿ ಕಾಲ ಹತ್ತಿರ ಇಡಿ. ತೆಪ್ಪ ಮಗುಚಿದ್ರೆ ಎಂಟು ಕೆ.ಜಿ. ಕಟ್ಟಿಕೊಂಡು ಈಜೋಕಾಗಲ್ಲ. ಗಾಳಿ ಸ್ವಲ್ಪ ಉಳಿಸಿ ಮಡಚಿದ ಡ್ರೈ ಬ್ಯಾಗ್ ತೇಲುತ್ತೆ. ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ, ಪೆಲಿಕನ್ 1510 ಥರದ್ದು, ಇಂಥ ಕಡೆಗೂ ಜೀಪಿಗೂ ಒಳ್ಳೇದೇ. ಆದ್ರೆ ಖಾಲಿ ಪೆಟ್ಟಿಗೆಯೇ ಐದು ಕೆ.ಜಿ. ಮೇಲೆ. ನಡಿಗೆಗೆ ಲೆಕ್ಕಕ್ಕಿಲ್ಲ. ಒದ್ದೆ ಕ್ಯಾಮೆರಾ ಒಳಗಿಟ್ಟು ಮುಚ್ಚಿದ್ರೆ ನೀರು ಒಳಗೇ ಬಂದಿ, ಅದೊಂದು ಎಚ್ಚರ ಇರಲಿ.

ಹೇಮಾವತಿ_ದಂಡೆ, ಹಾಸನ

ಹಾಗಾದ್ರೆ ನನ್ನ ಲೆಕ್ಕ: ಮುಂದೆ ಜಿಪ್ ಇರೋ 40 ಲೀಟರ್ ಚಾರಣದ ಬ್ಯಾಗ್, ಒಂದು ಇನ್ಸರ್ಟ್, ಡ್ರೈ ಬ್ಯಾಗ್, ಜೊತೆಗೆ ಸಣ್ಣ ಸ್ಲಿಂಗ್. ಹಣ ಹೇಗೆ ಹಂಚೋದು? ಮುತ್ತೋಡಿ ಜೀಪಲ್ಲಿ ಇದು ಹೇಗೆ?

ಗಿರಿಶ್ರೇಣಿ, ಚಿಕ್ಕಮಗಳೂರು

ಅರ್ಧ ದುಡ್ಡು ಚಾರಣದ ಬ್ಯಾಗಿಗೆ, ಅಂದ್ರೆ ಅದರ ಪಟ್ಟಿ, ಬೆನ್ನಿನ ಚೌಕಟ್ಟಿಗೆ. ಉಳಿದದ್ದರಲ್ಲಿ ಇನ್ಸರ್ಟ್ ಮೊದಲು, ಡ್ರೈ ಬ್ಯಾಗ್ ಆಮೇಲೆ. ಸ್ಲಿಂಗಿಗೆ ದುಡ್ಡು ಸಾಲದಿದ್ರೆ ಸದ್ಯಕ್ಕೆ ಮನೇಲಿರೋ ಗಟ್ಟಿ ಜೋಳಿಗೆಯಲ್ಲಿ ಎರಡು ಲೆನ್ಸ್ ಪೌಚ್ ಇಟ್ಟು ನಡೆಸಿ. ದೇವಸ್ಥಾನಕ್ಕೆ ಅದು ಎದ್ದೂ ಕಾಣಲ್ಲ.

ಜೀಪಲ್ಲಿ ಸೀಟಿನ ಸಾಲು ಇಕ್ಕಟ್ಟು, ಬ್ಯಾಗ್ ಕಾಲ ಸಂದಿಯಲ್ಲಿ ಸಿಕ್ಕಿರುತ್ತೆ, ತೆಗೆಯೋಕೆ ಬರಲ್ಲ. ಹತ್ತೋ ಮೊದಲೇ 200-500 ಸಿಕ್ಕಿಸಿ ಹೊರಗೆ ತೆಗೆದು ತೊಡೆ ಮೇಲೆ ಇಟ್ಟುಕೊಳ್ಳಿ, ಮೇಲೆ ಒದ್ದೆಯಿಲ್ಲದ ಟವೆಲ್. ಫೆಬ್ರವರಿ-ಮಾರ್ಚಿನ ಧೂಳಿಗೆ ಬ್ಯಾಗ್ ಬಾಯಿ ತೆರೆಯಲೇಬೇಡಿ, ಲೆನ್ಸ್ ಬದಲಾಯಿಸೋ ಆಸೆ ಬಿಡಿ. ಬೀನ್ ಬ್ಯಾಗನ್ನ (ಲೆನ್ಸ್ ಊರೋಕೆ ಕಾಳು ತುಂಬೋ ಚೀಲ) ಖಾಲಿ ಒಯ್ದು ಅಲ್ಲಿ ತುಂಬಿ, ಎರಡರಿಂದ ಎರಡೂವರೆ ಕೆ.ಜಿ., ಮುಕ್ಕಾಲು ಮಾತ್ರ. ಪೂರ್ತಿ ತುಂಬಿದ್ರೆ ಲೆನ್ಸ್ ಕೂರದೆ ಉರುಳುತ್ತೆ. ಅಕ್ಕಿ ಸಾಕು. ರಾಗಿ ಚೆನ್ನಾಗಿ ಹಿಡಿಯುತ್ತೆ, ಆದ್ರೆ ಜಿಪ್ಪಿನ ಸಂದಿಯಿಂದ ಸೋರುತ್ತೆ, ಒಳಗೊಂದು ಬಟ್ಟೆ ಚೀಲ ಬೇಕು.

ಎಸಿ ಕಾರಲ್ಲಿ ಹೋಗೋದಿದ್ರೆ ಇಳಿಯೋ ಹದಿನೈದು ನಿಮಿಷ ಮೊದಲು ಎಸಿ ಆರಿಸಿ ಕಿಟಕಿ ಇಳಿಸಿ, ಬ್ಯಾಗ್ ಮುಚ್ಚೇ ಇರಲಿ. ತಣ್ಣನೆ ಗಾಜನ್ನ ನೇರ ಹೊರಗೆ ತೆಗೆದ್ರೆ ಮಂಜು ಹಿಡಿದು ಸಫಾರಿಯ ಮೊದಲ ಅರ್ಧ ಗಂಟೆ ಒರೆಸೋದ್ರಲ್ಲೇ ಹೋಗುತ್ತೆ.

ಘಾಟಿ_ಸವಾರ, ಅರಸೀಕೆರೆ

ಆನ್‌ಲೈನಲ್ಲಿ ತರಿಸಿದ್ರೆ ಟ್ಯಾಗ್ ಕೀಳೋ ಮೊದಲು ಏಳು ಕೆ.ಜಿ. ಅಕ್ಕಿ ತುಂಬಿ ಮನೆ ಮೆಟ್ಟಿಲು ಇಪ್ಪತ್ತು ನಿಮಿಷ ಹತ್ತಿ ಇಳೀರಿ. ಆಮೇಲೆ ಬೈಕ್ ಮೇಲೆ ಕೂತು ಹೆಲ್ಮೆಟ್ ಹಾಕಿ ತಲೆ ಎತ್ತಿ ನೋಡಿ. ಬ್ಯಾಗಿನ ನೆತ್ತಿ ಹೆಲ್ಮೆಟ್ಟಿಗೆ ತಾಗಿ ತಲೆ ಮುಂದಕ್ಕೆ ತಳ್ಳಿದ್ರೆ ಆ ಬ್ಯಾಗ್ ನಿಮ್ಮದಲ್ಲ, ವಾಪಸ್ ಕಳಿಸಿ.